ವೈರಸ್ ಹರಡುವಿಕೆಯನ್ನು ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕುವುದು ಹೇಗೆ?

ಆರ್‌ನಾಟ್ ಅಂದರೇನು? ಅಲೆಯ ತುದಿ ಇಂಥ ವಾರ ಬರುತ್ತದೆ ಎಂದು ತಜ್ಞರು ಯಾವ ಆಧಾರದ ಮೇಲೆ ಹೇಳುತ್ತಾರೆ? ಅದನ್ನು ಮನೆಯ ಕಂಪ್ಯೂಟರಿನಲ್ಲಿ ನಾವೂ ಮಾಡಿ ನೋಡಬಹುದೇ? ಕೋವಿಡ್ ಕಾಲದಿಂದ ಓದುಗರು ಈ ಮೂರು ಪ್ರಶ್ನೆಗಳನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಧಾರಾಳವಾಗಿ ಮಾಡಬಹುದು. ಒಂದು ಸಂಜೆ ಸಾಕು. ಆದರೆ ಹಾಳೆ ಕಟ್ಟುವುದು ಸುಲಭ, ಅದು ಹೇಳಿದ್ದನ್ನು ಎಷ್ಟು ನಂಬಬೇಕೆಂದು ತಿಳಿಯುವುದು ಕಷ್ಟ. ಅದಕ್ಕೇ ಈ ಲೇಖನದಲ್ಲಿ ಆರನೇ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದೆ. ಅವಸರದಲ್ಲಿ ಅದನ್ನು ಹಾರಿಸಬೇಡಿ.

ಏನೇನು ಬೇಕು

ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್. ಗೂಗಲ್ ಶೀಟ್ಸ್‌ನಲ್ಲೂ ಬಹುಪಾಲು ಕೆಲಸ ನಡೆಯುತ್ತದೆ. ಐದನೇ ಹಂತದ ಸಾಲ್ವರ್ (ಸರಿಹೊಂದುವ ಸಂಖ್ಯೆಗಳನ್ನು ತಾನೇ ಹುಡುಕಿಕೊಡುವ ಸಾಧನ) ಮಾತ್ರ ಅದರಲ್ಲಿ ಇಲ್ಲ, ಆ್ಯಡ್-ಆನ್ ಹಾಕಿಕೊಳ್ಳಬೇಕು. ಮೊಬೈಲಿನಲ್ಲಿ ಮಾಡಲು ಹೋಗಬೇಡಿ, 150 ಸಾಲು ಎಳೆಯುವಷ್ಟರಲ್ಲಿ ಸಾಕಾಗಿಬಿಡುತ್ತದೆ. ಗಣಿತದಲ್ಲಿ ಕೂಡಿ, ಕಳೆದು, ಗುಣಿಸಿ, ಭಾಗಿಸಲು ಬಂದರೆ ಆಯಿತು.

ಹಂತ 1: ಚಿಕ್ಕ, ಮುಚ್ಚಿದ ಸಮುದಾಯದ ಅಂಕಿಅಂಶದಿಂದ ಶುರು ಮಾಡಿ

ಹೆಚ್ಚಿನವರು ಮೊದಲ ದಿನವೇ ಇಡೀ ಬೆಂಗಳೂರಿನ ಕೋವಿಡ್ ಅಂಕಿಅಂಶ ಹಿಡಿದು ಕೂರುತ್ತಾರೆ. ಬೇಡ. ಪರೀಕ್ಷೆ ಮಾಡಿಸಿಕೊಂಡವರ ಸಂಖ್ಯೆ ದಿನದಿನಕ್ಕೂ ಬದಲಾಗಿದೆ, ಭಾನುವಾರ ವರದಿ ಕಡಿಮೆ, ನಡುವೆ ಲಾಕ್‌ಡೌನ್, ಊರಿಗೆ ಹೋಗಿ ಬರುವ ಜನ. ಕಲಿಯುವವರಿಗೆ ಇಷ್ಟೆಲ್ಲ ಗೋಜಲು ಒಟ್ಟಿಗೆ ಬೇಕಿಲ್ಲ.

ಪ್ರಪಂಚದ ಬಹಳಷ್ಟು ವಿದ್ಯಾರ್ಥಿಗಳು ಅಭ್ಯಾಸಕ್ಕೆ ಬಳಸುವುದು ಉತ್ತರ ಇಂಗ್ಲೆಂಡಿನ ಒಂದು ಹುಡುಗರ ವಸತಿ ಶಾಲೆಯ ಲೆಕ್ಕ. 1978ರ ಜನವರಿಯಲ್ಲಿ ಅಲ್ಲಿ ಎಚ್1ಎನ್1 ಫ್ಲೂ ಹರಡಿತು. ಆ ಮಾರ್ಚ್ 4ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ಪುಟ್ಟ ವರದಿ ಬಂತು. ಒಟ್ಟು ಹುಡುಗರು 763. ಅವರಲ್ಲಿ 512 ಮಂದಿ ಹಾಸಿಗೆ ಹಿಡಿದರು. ಜನವರಿ 22ರಿಂದ ಫೆಬ್ರುವರಿ 4ರವರೆಗೆ ಪ್ರತಿದಿನ ಹಾಸಿಗೆಯಲ್ಲಿದ್ದವರ ಸಂಖ್ಯೆ ಹೀಗಿದೆ:

3, 8, 26, 76, 225, 298, 258, 233, 189, 128, 68, 29, 14, 4

ಇದು ಅಭ್ಯಾಸಕ್ಕೆ ಒಳ್ಳೆಯದು ಅನ್ನಲು ಕಾರಣ ಇದೆ. ಹುಡುಗರು ಒಂದೇ ಆವರಣದಲ್ಲಿದ್ದರು. ಎಚ್1ಎನ್1 ಬಗೆಯ ವೈರಸ್ ಸುಮಾರು 20 ವರ್ಷ ಮರೆಯಾಗಿದ್ದು 1977ರಲ್ಲಷ್ಟೇ ಮರಳಿತ್ತು, ಹಾಗಾಗಿ ಈ ವಯಸ್ಸಿನವರಿಗೆ ಅದರ ಪರಿಚಯವೇ ಇರಲಿಲ್ಲ. ಅವರ ಒಡನಾಟದಲ್ಲಿದ್ದ ಸುಮಾರು 130 ಹಿರಿಯರಲ್ಲಿ ಒಬ್ಬರಿಗೆ ಮಾತ್ರ ಲಕ್ಷಣ ಕಾಣಿಸಿತು.

ಇಲ್ಲೇ ಮೊದಲ ಎಚ್ಚರಿಕೆ. ಮೇಲಿನ ಸಂಖ್ಯೆಗಳು ಆಯಾ ದಿನ ಹಾಸಿಗೆಯಲ್ಲಿ ಇದ್ದವರದ್ದು, ಆ ದಿನ ಹೊಸದಾಗಿ ಬಿದ್ದವರದ್ದಲ್ಲ. ಕೋವಿಡ್ ಬುಲೆಟಿನ್‌ನಲ್ಲಿ 'ಹೊಸ ಪ್ರಕರಣ' ಮತ್ತು 'ಸಕ್ರಿಯ ಪ್ರಕರಣ' ಎಂದು ಬೇರೆ ಬೇರೆ ಸಾಲು ಇರುತ್ತಿತ್ತಲ್ಲ, ಅದೇ ವ್ಯತ್ಯಾಸ. ನಮ್ಮ ಲೆಕ್ಕ ಎರಡನೆಯದು. ಇವೆರಡನ್ನು ಅದಲು ಬದಲು ಮಾಡಿಕೊಂಡರೆ ಮುಂದಿನದೆಲ್ಲ ತಲೆಕೆಳಗು.

ಹಂತ 2: ಮೂರು ಗುಂಪು, ಎರಡು ಸಂಖ್ಯೆ

ನಾವು ಕಟ್ಟುವುದು ಎಸ್‌ಐಆರ್ ಮಾದರಿ. ಸಸೆಪ್ಟಿಬಲ್, ಇನ್ಫೆಕ್ಟೆಡ್, ರಿಮೂವ್ಡ್ ಎಂಬ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳೇ ಈ ಹೆಸರು. 1927ರಲ್ಲಿ ಕರ್ಮಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ತಳಪಾಯ ಹಾಕಿದರು. ಎಲ್ಲರನ್ನೂ ಮೂರು ಗುಂಪು ಮಾಡುತ್ತೇವೆ:

ಬಾಕಿ ಇರುವವರು: ಇನ್ನೂ ಸೋಂಕು ತಗಲದ, ಆದರೆ ತಗಲಬಹುದಾದವರು.
ಸೋಂಕಿತರು: ಈಗ ಬೇರೆಯವರಿಗೆ ಹರಡಬಲ್ಲವರು.
ಹೊರಬಿದ್ದವರು: ಗುಣವಾಗಿಯೋ, ಪ್ರತ್ಯೇಕವಾಗಿಯೋ, ಸತ್ತೋ, ಒಟ್ಟಿನಲ್ಲಿ ಇನ್ನು ಹರಡದವರು.

ಎರಡು ಸಂಖ್ಯೆಗಳು ಇವರನ್ನು ಗುಂಪಿನಿಂದ ಗುಂಪಿಗೆ ದಾಟಿಸುತ್ತವೆ. ಮೊದಲನೆಯದು ಬೀಟಾ: ಸುತ್ತ ಇರುವವರೆಲ್ಲ ಬಾಕಿ ಇರುವವರೇ ಆಗಿದ್ದರೆ ಒಬ್ಬ ಸೋಂಕಿತ ದಿನಕ್ಕೆ ಎಷ್ಟು ಜನಕ್ಕೆ ಅಂಟಿಸುತ್ತಾನೆ ಎಂಬುದು. ಎರಡನೆಯದು ಗಾಮಾ: ಸೋಂಕಿತರಲ್ಲಿ ದಿನಕ್ಕೆ ಎಷ್ಟು ಪಾಲು ಹೊರಬೀಳುತ್ತಾರೆ ಎಂಬುದು. 1ನ್ನು ಗಾಮಾದಿಂದ ಭಾಗಿಸಿದರೆ ಒಬ್ಬ ಸರಾಸರಿ ಎಷ್ಟು ದಿನ ಸೋಂಕು ಹರಡುತ್ತಾನೆಂದು ಬರುತ್ತದೆ. ಬೀಟಾವನ್ನು ಗಾಮಾದಿಂದ ಭಾಗಿಸಿದರೆ ಸಿಗುವುದೇ ಆರ್‌ನಾಟ್, ಅಂದರೆ ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಜನರ ನಡುವೆ ಒಬ್ಬನಿಂದ ಒಟ್ಟು ಎಷ್ಟು ಮಂದಿಗೆ ಅಂಟುತ್ತದೆ ಎಂಬ ಸಂಖ್ಯೆ. ಅದು 1ಕ್ಕಿಂತ ಕಡಿಮೆ ಇದ್ದರೆ ರೋಗ ತಾನಾಗಿ ನಂದುತ್ತದೆ.

ಹಂತ 3: ಹಾಳೆ ಕಟ್ಟಿ

ಎಚ್ ಕಾಲಂನಲ್ಲಿ ಮೇಲಿನಿಂದ ಕೆಳಗೆ ನಾಲ್ಕು ಸಂಖ್ಯೆ ಹಾಕಿ. ಎಚ್1ರಲ್ಲಿ 763, ಎಚ್2ರಲ್ಲಿ ಬೀಟಾ 1.66, ಎಚ್3ರಲ್ಲಿ ಗಾಮಾ 0.44, ಎಚ್4ರಲ್ಲಿ ಕಾಲದ ಹೆಜ್ಜೆ 0.1 (ದಿನದ ಹತ್ತನೇ ಒಂದು ಭಾಗ).

ಮೊದಲ ಸಾಲಿನಲ್ಲಿ ಎ ಇಂದ ಎಫ್‌ವರೆಗೆ ತಲೆಬರಹ: ದಿನ, ಬಾಕಿ, ಸೋಂಕಿತರು, ಹೊರಬಿದ್ದವರು, ಹೊಸ ಸೋಂಕು, ಹೊಸ ಬಿಡುಗಡೆ. ಎರಡನೇ ಸಾಲಿನ ಮೊದಲ ನಾಲ್ಕು ಮನೆಗಳಲ್ಲಿ 0, 762, 1, 0. ಜನವರಿ 21 ನಮ್ಮ ಸೊನ್ನೆಯ ದಿನ, ಅವತ್ತು ಒಬ್ಬನೇ ಸೋಂಕಿತ ಎಂದು ಇಟ್ಟುಕೊಳ್ಳುತ್ತೇವೆ.

ಇನ್ನು ಸೂತ್ರಗಳು:

ಇ2 = ಎಚ್2 × ಬಿ2 × ಸಿ2 ÷ ಎಚ್1 × ಎಚ್4
ಎಫ್2 = ಎಚ್3 × ಸಿ2 × ಎಚ್4
ಎ3 = ಎ2 + ಎಚ್4
ಬಿ3 = ಬಿ2 − ಇ2
ಸಿ3 = ಸಿ2 + ಇ2 − ಎಫ್2
ಡಿ3 = ಡಿ2 + ಎಫ್2

ಇ2, ಎಫ್2 ಸೂತ್ರಗಳನ್ನು ಮೂರನೇ ಸಾಲಿಗೂ ಇಳಿಸಿ, ಆಮೇಲೆ ಮೂರನೇ ಸಾಲನ್ನು ಹಿಡಿದು 152ನೇ ಸಾಲಿನವರೆಗೆ ಎಳೆಯಿರಿ. ಹದಿನೈದು ದಿನ ಆಯಿತು.

ಎಳೆಯುವ ಮುನ್ನ ಸೂತ್ರದಲ್ಲಿ ಎಚ್ ಕಾಲಂನ ಪ್ರತಿ ವಿಳಾಸಕ್ಕೂ ಡಾಲರ್ ಚಿಹ್ನೆ ಹಾಕಿರಬೇಕು (ಎಕ್ಸೆಲ್‌ನಲ್ಲಿ ವಿಳಾಸದ ಮೇಲೆ ಕರ್ಸರ್ ಇಟ್ಟು ಎಫ್4 ಕೀ ಒತ್ತಿ). ಇಲ್ಲದಿದ್ದರೆ ಕೆಳಗೆ ಎಳೆದಂತೆ ಎಚ್2 ಹೋಗಿ ಎಚ್3, ಎಚ್4 ಆಗುತ್ತಾ ಹೋಗಿ ಬೀಟಾದ ಜಾಗದಲ್ಲಿ ಗಾಮಾ ಬಂದು ಕೂರುತ್ತದೆ. 'ನನ್ನ ಗ್ರಾಫ್ ಮೇಲೇಳುತ್ತಲೇ ಇಲ್ಲ' ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಸರಿಯಾಗಿದೆಯೇ ಎಂದು ತಾಳೆ ನೋಡಲು: ಮೂರನೇ ಸಾಲಿನಲ್ಲಿ ಬಾಕಿ 761.834, ಸೋಂಕಿತರು 1.122, ಹೊರಬಿದ್ದವರು 0.044 ಬರಬೇಕು. ಯಾವ ಸಾಲಿನಲ್ಲೇ ಆಗಲಿ ಮೂರನ್ನೂ ಕೂಡಿದರೆ 763 ಸಿಗಬೇಕು. ಸಿಗದಿದ್ದರೆ ಎಲ್ಲೋ ಕೂಡುವ ಕಡೆ ಕಳೆದಿದ್ದೀರಿ.

ಸಿ ಕಾಲಂನ ಗ್ರಾಫ್ ಹಾಕಿ. 6 ಮತ್ತು 7ನೇ ದಿನದ ನಡುವೆ ಸುಮಾರು 300ಕ್ಕೆ ಏರಿ ಇಳಿಯುವ ಗುಡ್ಡ ಕಾಣುತ್ತದೆ. ನಿಜವಾದ ತುದಿ 6ನೇ ದಿನ, 298.

ಹಂತ 4: ಹೆಜ್ಜೆಯ ಅಳತೆ ಪರೀಕ್ಷಿಸಿ

'ಅಂಕಿಅಂಶ ದಿನಕ್ಕೊಂದು ಇರುವಾಗ ಹೆಜ್ಜೆ 0.1 ಏಕೆ? 1 ಇಟ್ಟರೆ ಸಾಲು ಕಡಿಮೆ ಆಗುತ್ತದಲ್ಲ?' ಇಟ್ಟು ನೋಡಿ. ಆರಂಭದಲ್ಲಿ ಸೋಂಕಿತರು ದಿನಕ್ಕೆ 1 + 1.66 − 0.44, ಅಂದರೆ 2.22 ಪಟ್ಟು ಮಾತ್ರ ಆಗುತ್ತಾರೆ. ಬೆಳಗ್ಗೆ ಅಂಟಿಸಿಕೊಂಡವನು ಅದೇ ಸಂಜೆ ಇನ್ನೊಬ್ಬನಿಗೆ ಅಂಟಿಸುವುದು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಹೆಜ್ಜೆ 0.1 ಇದ್ದಾಗ ದಿನಕ್ಕೆ 3.16 ಪಟ್ಟು, 0.05 ಇದ್ದಾಗ 3.27 ಪಟ್ಟು. ಹೆಜ್ಜೆಯನ್ನು ಸೊನ್ನೆಯ ಹತ್ತಿರ ತಂದಷ್ಟೂ 3.39ಕ್ಕೆ ಹತ್ತಿರವಾಗುತ್ತದೆ. ಒಂದು ದಿನಕ್ಕೆ 2.2 ಮತ್ತು 3.4 ಪಟ್ಟಿನ ನಡುವಿನ ಅಂತರ ಅಲ್ಪ ಅನಿಸಬಹುದು. ನಾಲ್ಕೇ ದಿನದಲ್ಲಿ ಅದು ಐದು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ ಆಗುತ್ತದೆ.

ನಿಯಮ ಸರಳ: ಹೆಜ್ಜೆಯನ್ನು ಅರ್ಧ ಮಾಡಿ ನೋಡಿ. ಉತ್ತರ ಗಮನಾರ್ಹವಾಗಿ ಬದಲಾದರೆ ನಿಮ್ಮ ಹೆಜ್ಜೆ ಇನ್ನೂ ದೊಡ್ಡದು. ಹೆಜ್ಜೆ ಅರ್ಧವಾದರೆ ಸಾಲು ದುಪ್ಪಟ್ಟು ಬೇಕು, ಮರೆಯಬೇಡಿ.

ಹಂತ 5: ನಿಜದ ಅಂಕಿಅಂಶಕ್ಕೆ ಹೊಂದಿಸಿ

ಜೆ ಕಾಲಂನಲ್ಲಿ 1ರಿಂದ 14, ಕೆ ಕಾಲಂನಲ್ಲಿ ಶಾಲೆಯ 14 ಸಂಖ್ಯೆಗಳು. ಎಲ್ ಕಾಲಂನಲ್ಲಿ ಆಯಾ ದಿನದ ಮಾದರಿಯ ಸಂಖ್ಯೆ ಬರಬೇಕು. ಹೆಜ್ಜೆ 0.1 ಆದ್ದರಿಂದ ದಿನದ ಸಂಖ್ಯೆಯನ್ನು 10ರಿಂದ ಗುಣಿಸಿ 2 ಕೂಡಿದರೆ ಸಾಲು ಸಿಗುತ್ತದೆ. 1ನೇ ದಿನ 12ನೇ ಸಾಲು, 14ನೇ ದಿನ 142ನೇ ಸಾಲು. ಇಂಡೆಕ್ಸ್ ಫಂಕ್ಷನ್‌ನಿಂದ ಸಿ ಕಾಲಂನ ಆ ಸಾಲನ್ನು ಎತ್ತಿಕೊಳ್ಳಿ. ಎಮ್ ಕಾಲಂನಲ್ಲಿ ಕೆ ಮತ್ತು ಎಲ್ ನಡುವಿನ ವ್ಯತ್ಯಾಸದ ವರ್ಗ, ಅದರ ಅಡಿಯಲ್ಲಿ ಒಟ್ಟು ಮೊತ್ತ. ಈ ಮೊತ್ತ ಕಡಿಮೆಯಾದಷ್ಟೂ ಹೊಂದಾಣಿಕೆ ಚೆನ್ನಾಗಿದೆ ಎಂದು ಅರ್ಥ.

ಮೊದಲು ಕೈಯಿಂದಲೇ ಎಚ್2, ಎಚ್3 ತಿರುಗಿಸಿ ನೋಡಿ. ಬೀಟಾ ಮುಖ್ಯವಾಗಿ ಏರುಮುಖದ ಕಡಿದಾದ ಭಾಗವನ್ನು, ಗಾಮಾ ಇಳಿಮುಖವನ್ನು ಹಿಡಿದಿದೆ ಎಂದು ಕಣ್ಣಿಗೇ ತಿಳಿಯುತ್ತದೆ. ಆಮೇಲೆ ಸಾಲ್ವರ್‌ಗೆ ಮೊತ್ತವನ್ನು ಕನಿಷ್ಠ ಮಾಡು, ಎಚ್2 ಮತ್ತು ಎಚ್3 ಬದಲಿಸು ಎಂದು ಹೇಳಿ. ಎಕ್ಸೆಲ್‌ನಲ್ಲಿ ಸಾಲ್ವರನ್ನು ಫೈಲ್, ಆಪ್ಷನ್ಸ್, ಆ್ಯಡ್-ಇನ್ಸ್ ಒಳಗೆ ಹೋಗಿ ಮೊದಲು ಸಕ್ರಿಯ ಮಾಡಬೇಕು. ಲಿಬ್ರೆಆಫೀಸ್‌ನಲ್ಲಿ ಅದು ತಾನಾಗಿ ಲೀನಿಯರ್ ಎಂಜಿನ್ ಹಿಡಿಯುತ್ತದೆ. ಆಯ್ಕೆಗಳಿಗೆ ಹೋಗಿ ನಾನ್-ಲೀನಿಯರ್ ಎಂಬುದನ್ನು ಆರಿಸದಿದ್ದರೆ ದೋಷ ತೋರಿಸುತ್ತದೆ. ಎರಡೂ ಸಂಖ್ಯೆ ಸೊನ್ನೆಗಿಂತ ಹೆಚ್ಚಿರಲಿ ಎಂಬ ಷರತ್ತನ್ನೂ ಹಾಕಿ.

ಬೀಟಾ 1.66, ಗಾಮಾ 0.44ರ ಆಸುಪಾಸಿನಲ್ಲೇ ಉತ್ತರ ನಿಲ್ಲುತ್ತದೆ. ಆರ್‌ನಾಟ್ ಸುಮಾರು 3.8, ಹರಡುವ ಅವಧಿ ಸುಮಾರು 2.3 ದಿನ. ಗೆರೆ ಚುಕ್ಕಿಗಳ ಮೇಲೆ ಚೆಂದವಾಗಿ ಹಾದುಹೋಗುತ್ತದೆ.

ಹಂತ 6: ಈಗ ಅನುಮಾನಿಸಿ

ಹೆಚ್ಚಿನ ಪಾಠಗಳು ಐದನೇ ಹಂತಕ್ಕೇ ಮುಗಿಯುತ್ತವೆ. ಆದರೆ ಅಲ್ಲಿಗೆ ನಿಂತರೆ ಮಾದರಿ ನಿಮ್ಮನ್ನು ಸುಲಭವಾಗಿ ಏಮಾರಿಸುತ್ತದೆ.

ಹಾಳೆಯ ಕೊನೆಯ ಸಾಲುಗಳ ಬಿ ಕಾಲಂ ನೋಡಿ. ಇನ್ನೂ ಕೆಳಗೆ ಎಳೆದರೆ ಬಾಕಿ ಉಳಿಯುವವರು 20ಕ್ಕಿಂತ ಕಡಿಮೆ. ಅಂದರೆ 740ಕ್ಕೂ ಹೆಚ್ಚು ಹುಡುಗರಿಗೆ ಸೋಂಕು ತಗಲಿತು ಎನ್ನುತ್ತಿದೆ ಮಾದರಿ. ಹಾಸಿಗೆ ಹಿಡಿದವರು 512. ಮಿಕ್ಕ 230 ಮಂದಿ ಎಲ್ಲಿ? ಲಕ್ಷಣವಿಲ್ಲದೆ ಸೋಂಕು ಬಂದು ಹೋಗಿರಬಹುದು. ಆದರೆ ನಮ್ಮ ಸಿ ಕಾಲಂ 'ಸೋಂಕಿತರೆಲ್ಲ ಹಾಸಿಗೆಯಲ್ಲಿದ್ದರು' ಎಂದು ಊಹಿಸಿಯೇ ಹೊಂದಿಸಿದ್ದು, ಆ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ತಾಳೆ. 14 ದಿನಗಳ ಸಂಖ್ಯೆ ಕೂಡಿದರೆ 1559. ಅದನ್ನು 512ರಿಂದ ಭಾಗಿಸಿದರೆ ಒಬ್ಬ ಹುಡುಗ ಸರಾಸರಿ 3 ದಿನ ಮಲಗಿದ್ದ ಎಂದಾಯಿತು. ಮಾದರಿಯ ಪ್ರಕಾರ 2.3. ಸರಿ, 3 ದಿನವನ್ನೂ 512ನ್ನೂ ನಿಜವೆಂದು ಹಿಡಿದು ತಿರುಗಾ ಲೆಕ್ಕ ಹಾಕೋಣ. ಒಟ್ಟು ಸೋಂಕಿತರ ಪಾಲು ಶೇ 67 ಆಗಬೇಕಾದರೆ ಆರ್‌ನಾಟ್ ಸುಮಾರು 1.66 ಸಾಕು. ಆಗ ರೋಗ ದುಪ್ಪಟ್ಟಾಗಲು ಮೂರು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಶಾಲೆಯಲ್ಲಿ ಅದು ದಿನಕ್ಕೆ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತಿತ್ತು. ಏರಿದ ವೇಗ, ಮಲಗಿದ ದಿನ, ಒಟ್ಟು ರೋಗಿಗಳು: ಈ ಮೂರನ್ನೂ ಒಟ್ಟಿಗೆ ಒಪ್ಪಿಸಲು ಇಷ್ಟು ಸರಳ ಮಾದರಿಗೆ ಸಾಧ್ಯವೇ ಇಲ್ಲ.

ಬಾಲವನ್ನೂ ನೋಡಿ. ಕೊನೆಯಲ್ಲಿ ನಿಜದ ಸಂಖ್ಯೆ 128, 68, 29, 14, 4 ಎಂದು ಪ್ರತಿದಿನ ಅರ್ಧದಷ್ಟೋ ಇನ್ನೂ ಹೆಚ್ಚೋ ಇಳಿದಿದೆ. ಮಾದರಿ ದಿನಕ್ಕೆ ಮೂರನೇ ಒಂದು ಭಾಗ ಇಳಿಸಲಷ್ಟೇ ಶಕ್ತ. ಕಾರಣ, ಗಾಮಾ 0.44 ಎಂದರೆ ಸೋಂಕಿತರಲ್ಲಿ ನೂರಕ್ಕೆ 36 ಮಂದಿ ಮೊದಲ ದಿನವೇ ಹೊರಬೀಳುತ್ತಾರೆ, ನೂರಕ್ಕೆ ಸುಮಾರು 5 ಮಂದಿ ವಾರ ಕಳೆದರೂ ಉಳಿಯುತ್ತಾರೆ. ವರದಿಯ ಪ್ರಕಾರ ಹುಡುಗರು 3ರಿಂದ 7 ದಿನ ತರಗತಿಯಿಂದ ಹೊರಗಿದ್ದರು. ಸೋಂಕಿತರ ಒಂದು ಕಾಲಂನ ಬದಲು ಸಾಲಾಗಿ ಎರಡು ಅಥವಾ ಮೂರು ಕಾಲಂ ಮಾಡಿ, ಎಲ್ಲರೂ ಒಂದೊಂದನ್ನೂ ದಾಟಿಯೇ ಹೊರಬೀಳಬೇಕು ಎಂದರೆ ಬಾಲ ಚುರುಕಾಗಿ ಇಳಿಯುತ್ತದೆ. ಎರಡು ಕಾಲಂ ಇದ್ದರೆ ಪ್ರತಿಯೊಂದರ ಗಾಮಾವನ್ನು ದುಪ್ಪಟ್ಟು, ಮೂರಿದ್ದರೆ ಮೂರು ಪಟ್ಟು ಮಾಡಬೇಕು. ಇಲ್ಲದಿದ್ದರೆ ಸರಾಸರಿ ಅವಧಿಯೇ ಉದ್ದವಾಗಿಬಿಡುತ್ತದೆ.

ಸೋಂಕು ತಗಲಿದ ತಕ್ಷಣ ಯಾರೂ ಹರಡುವುದಿಲ್ಲ, ವೈರಸ್ ಒಳಗೆ ಬೆಳೆಯಲು ಸಮಯ ಬೇಕು. ಅದಕ್ಕೆ ನಡುವೆ ಇನ್ನೊಂದು ಗುಂಪು ಸೇರಿಸಿದ ಮಾದರಿಗೆ ಎಸ್‌ಇಐಆರ್ ಎನ್ನುತ್ತಾರೆ. ಈ ಸುಪ್ತ ಅವಧಿ ಸರಾಸರಿ 1 ದಿನ ಎಂದಿಟ್ಟು, ಗಾಮಾ 0.44 ಆಗಿಯೇ ಉಳಿಸಿಕೊಂಡು, ಆರಂಭದ ಏರಿಕೆಯ ವೇಗ ಅಷ್ಟೇ ಬರುವಂತೆ ಬೀಟಾ ಹೊಂದಿಸಿದರೆ ಆರ್‌ನಾಟ್ 3.8ರಿಂದ 8.4ಕ್ಕೆ ಜಿಗಿಯುತ್ತದೆ! ಅಂಕಿಅಂಶ ಅದೇ, ಏರಿಕೆ ಅದೇ. ಬದಲಾದದ್ದು ನಮ್ಮ ಊಹೆ ಮಾತ್ರ. ಯಾರಾದರೂ ಬರೀ ಆರ್‌ನಾಟ್ ಹೇಳಿ ಹೆದರಿಸಿದರೆ, ಯಾವ ಮಾದರಿ, ಸುಪ್ತ ಅವಧಿ ಎಷ್ಟು ಹಿಡಿದಿರಿ ಎಂದು ಕೇಳಿ.

ಮೆಕೆಂಡ್ರಿಕ್ ಭಾರತದಲ್ಲಿ ಸೇನಾ ವೈದ್ಯರಾಗಿದ್ದವರು, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 1927ರ ಪ್ರಬಂಧದಲ್ಲಿ ಅವರೂ ಕರ್ಮಾಕ್ ಅವರೂ ತಮ್ಮ ಗೆರೆಯನ್ನು ಹೊಂದಿಸಿ ತೋರಿಸಿದ್ದು ಬೊಂಬಾಯಿಯ 1905–06ರ ಪ್ಲೇಗ್ ಸಾವುಗಳಿಗೆ. ಗೆರೆ ಸೊಗಸಾಗಿ ಕೂತಿತು. ಪ್ಲೇಗ್ ಹಬ್ಬುತ್ತಿದ್ದದ್ದು ಮಾತ್ರ ಇಲಿ ಮತ್ತು ಚಿಗಟಗಳ ಮೂಲಕ. ಗೆರೆ ಕೂತಿತು ಎಂದ ಮಾತ್ರಕ್ಕೆ ಒಳಗಿನ ಯಂತ್ರ ಸರಿಯಿದೆ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಹುಡುಕುವುದು ಕಷ್ಟ.

ಹಂತ 7: 'ಹೀಗೆ ಮಾಡಿದ್ದರೆ?' ಎಂದು ಕೇಳಿ

ಇಷ್ಟೆಲ್ಲ ಅನುಮಾನದ ನಂತರವೂ ಮಾದರಿ ಉಪಯೋಗಕ್ಕೆ ಬರುವುದು ಇಲ್ಲಿ. ಮೂರು ಪ್ರಯೋಗ ಮಾಡಿ ನೋಡಿ. ಮೊದಲು ಹಾಳೆಯನ್ನು 402ನೇ ಸಾಲಿನವರೆಗೆ, ಅಂದರೆ 40 ದಿನಕ್ಕೆ ಎಳೆಯಿರಿ. 15 ದಿನಕ್ಕೇ ನಿಲ್ಲಿಸಿದರೆ ತಡವಾಗಿ ಬರುವ ತುದಿ ಕಾಣದೆ ರೋಗ ಹರಡಲೇ ಇಲ್ಲ ಎಂದುಕೊಳ್ಳುತ್ತೀರಿ.

ಒಂದು, ಹುಡುಗರ ಒಡನಾಟ ಅರ್ಧಕ್ಕೆ ಇಳಿದಿದ್ದರೆ? ಬೀಟಾ 0.83 ಮಾಡಿ, ಆರ್‌ನಾಟ್ 1.9 ಆಗುತ್ತದೆ. ತುದಿ 300ರಿಂದ ಸುಮಾರು 100ಕ್ಕೆ ಇಳಿಯುತ್ತದೆ, 16ನೇ ದಿನದ ಸುಮಾರಿಗೆ ಬರುತ್ತದೆ. ಒಟ್ಟು ಸೋಂಕಿತರು ಮಾತ್ರ 580ರ ಹತ್ತಿರವೇ ಇರುತ್ತಾರೆ. ಒಮ್ಮೆಗೆ ಬೇಕಾಗುವ ಹಾಸಿಗೆ ಮೂರನೇ ಒಂದು ಭಾಗವಾಯಿತು, ರೋಗಿಗಳು ಅಷ್ಟೇನೂ ಕಡಿಮೆಯಾಗಲಿಲ್ಲ.

ಎರಡು, ಒಡನಾಟ ಹಾಗೇ ಇದ್ದು, ಸೋಂಕಿತರನ್ನು ಬೇಗ ಪ್ರತ್ಯೇಕಿಸಿದ್ದರೆ? ಬೀಟಾ 1.66ಕ್ಕೆ ಮರಳಿಸಿ ಗಾಮಾ 0.88 ಮಾಡಿ. ಆರ್‌ನಾಟ್ ಅದೇ 1.9, ತುದಿಯ ಎತ್ತರವೂ ಅದೇ 100. ತುದಿ ಬರುವುದು ಮಾತ್ರ 8ನೇ ದಿನಕ್ಕೆ. ಆರ್‌ನಾಟ್ ರೋಗದ ವೇಗ ಹೇಳುವುದಿಲ್ಲ ಎಂಬುದು ಹೀಗೆ ಕಣ್ಣಿಗೆ ಕಾಣುತ್ತದೆ.

ಮೂರು, ಮೊದಲೇ ಲಸಿಕೆ ಹಾಕಿದ್ದರೆ? ಗಾಮಾ ಮತ್ತೆ 0.44 ಮಾಡಿ, ಬಿ2ರಲ್ಲಿ 201, ಡಿ2ರಲ್ಲಿ 561 ಇಡಿ. ಸೋಂಕಿತರ ಗೆರೆ ಏಳುವುದೇ ಇಲ್ಲ. ಇದೇ ಸಾಮೂಹಿಕ ರೋಗನಿರೋಧಕ ಶಕ್ತಿಯ ಮಿತಿ: 1ರಿಂದ, 1ನ್ನು ಆರ್‌ನಾಟ್‌ನಿಂದ ಭಾಗಿಸಿದ್ದನ್ನು ಕಳೆದರೆ ಬರುವ ಶೇ 73.5. ಲಸಿಕೆ ನೂರಕ್ಕೆ ನೂರು ತಡೆಯುತ್ತದೆ ಎಂದು ಇಲ್ಲಿ ಊಹಿಸಿದ್ದೇವೆ. ನಿಜದ ಫ್ಲೂ ಲಸಿಕೆಗಳು ಹಾಗಿಲ್ಲ.

ಈ ಪ್ರಯೋಗಗಳಲ್ಲಿ ಬೀಟಾ ಕೊನೆಯವರೆಗೂ ಒಂದೇ. ಜನ ಹೆದರಿದಾಗ ಅದು ಇಳಿಯುತ್ತದೆ, ಹೆದರಿಕೆ ಹೋದಾಗ ಏರುತ್ತದೆ, ಹೊಸ ತಳಿ ಬಂದರೆ ಇನ್ನೂ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ರಚಿಸಿದ್ದ ಸಮಿತಿಯೊಂದು, ಮುನ್ನೆಚ್ಚರಿಕೆ ಮುಂದುವರಿದರೆ 2021ರ ಫೆಬ್ರುವರಿ ಹೊತ್ತಿಗೆ ಕೋವಿಡ್ ತೀರಾ ತಗ್ಗುತ್ತದೆ ಎಂದಿತ್ತು. ಫೆಬ್ರುವರಿಯಲ್ಲಿ ತಗ್ಗಿದ್ದೂ ನಿಜ. ಏಪ್ರಿಲ್, ಮೇ ತಿಂಗಳಲ್ಲಿ ಡೆಲ್ಟಾ ಬಂದು ಏನಾಯಿತೆಂದು ಎಲ್ಲರಿಗೂ ಗೊತ್ತು.

ಹಂತ 8: ಅದೃಷ್ಟಕ್ಕೂ ಒಂದು ಕಾಲಂ ಕೊಡಿ

ಮೂರನೇ ಸಾಲಿನಲ್ಲಿ 1.122 ಹುಡುಗರು ಎಂದು ಬಂತಲ್ಲ, ಅಂಥ ಹುಡುಗ ಯಾವ ಶಾಲೆಯಲ್ಲೂ ಇಲ್ಲ. ಸೋಂಕಿತರು ನಾಲ್ಕಾರು ಮಂದಿ ಇರುವಾಗ ಎಲ್ಲವೂ ಆಕಸ್ಮಿಕದ ಮೇಲೆ ನಿಂತಿರುತ್ತದೆ. ಇ ಕಾಲಂನಲ್ಲಿ ಬೈನಾಮ್.ಇನ್ವ್ (BINOM.INV) ಫಂಕ್ಷನ್ ಹಾಕಿ: ಪ್ರಯತ್ನಗಳ ಸಂಖ್ಯೆಗೆ ಬಾಕಿ ಇರುವವರು, ಸಂಭವಕ್ಕೆ ಬೀಟಾ × ಸೋಂಕಿತರು ÷ ಒಟ್ಟು ಜನ × ಹೆಜ್ಜೆ, ಕೊನೆಯದಕ್ಕೆ ಪ್ರತಿ ಸಲವೂ ಬೇರೆ ಸಂಖ್ಯೆ ಕೊಡುವ ರ‍್ಯಾಂಡ್. ಎಫ್ ಕಾಲಂನಲ್ಲೂ ಹಾಗೆಯೇ, ಸೋಂಕಿತರು ಮತ್ತು ಗಾಮಾ × ಹೆಜ್ಜೆ. ಸೋಂಕಿತರು ಸೊನ್ನೆ ಆದಮೇಲೆ ಈ ಫಂಕ್ಷನ್ ದೋಷ ತೋರಿಸಬಹುದು, ಆದ್ದರಿಂದ ಇಫ್ ಹಾಕಿ ಅಲ್ಲಿ 0 ಬರುವಂತೆ ಮಾಡಿ.

ಎಕ್ಸೆಲ್‌ನಲ್ಲಿ ಎಫ್9 ಕೀ ಒತ್ತಿದ ಪ್ರತಿ ಸಲವೂ ಬೇರೆ ಗೆರೆ ಬರುತ್ತದೆ. ಸುಮಾರು ನಾಲ್ಕಕ್ಕೆ ಒಂದು ಸಲ ರೋಗ ಶುರುವಿನಲ್ಲೇ ನಂದಿಹೋಗುತ್ತದೆ (1ನ್ನು ಆರ್‌ನಾಟ್‌ನಿಂದ ಭಾಗಿಸಿ, 0.27 ಬರುತ್ತದೆ). ಮಿಕ್ಕ ಸಲಗಳಲ್ಲಿ ತುದಿಯ ಎತ್ತರ ಹೆಚ್ಚು ಬದಲಾಗುವುದಿಲ್ಲ, ದಿನ ಹಿಂದುಮುಂದಾಗುತ್ತದೆ. ಹಾಗಾಗಿ ಒಂದೇ ಗೆರೆ ತೋರಿಸಿ 'ಇಂಥ ತಾರೀಖು' ಎನ್ನಬೇಡಿ. ನೂರು ಸಲ ಓಡಿಸಿ ಕನಿಷ್ಠ, ಗರಿಷ್ಠ ಹೇಳಿ.

2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್ ತಂಡಗಳು ಬೆಂಗಳೂರು, ಮುಂಬಯಿಗಳಿಗೆ ಕಟ್ಟಿದ ಮಾದರಿ ಇದೇ ದಾರಿಯಲ್ಲಿ ಬಹಳ ದೂರ ಹೋದದ್ದು. ಅದರಲ್ಲಿ ಗುಂಪುಗಳ ಬದಲು ಒಬ್ಬೊಬ್ಬ ವ್ಯಕ್ತಿಯೂ ಇದ್ದಾನೆ, ಅವನಿಗೊಂದು ಮನೆ, ಶಾಲೆ ಅಥವಾ ಕೆಲಸದ ಜಾಗ ಇದೆ. ಅದು ಎಕ್ಸೆಲ್‌ನ ಕೆಲಸವಲ್ಲ.

ಈ ಹಾಳೆ ಯಾವ ರೋಗಕ್ಕೆ ಆಗದು

ದಡಾರ, ಫ್ಲೂ, ಕೋವಿಡ್‌ನಂಥ ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಅಂಟುವ ರೋಗಗಳಿಗೆ ಈ ಚೌಕಟ್ಟು ಸರಿ. ಡೆಂಗಿಗೆ ಸೊಳ್ಳೆಗಳದ್ದೇ ಪ್ರತ್ಯೇಕ ಕಾಲಂಗಳು ಬೇಕು. ಸೊಳ್ಳೆಯ ಆಯಸ್ಸು, ವೈರಸ್ ಅದರೊಳಗೆ ಬೆಳೆಯುವ ಅವಧಿ, ಎರಡೂ ತಾಪಮಾನದ ಜೊತೆ ಬದಲಾಗುತ್ತವೆ.

ಮಲೆನಾಡಿನ ಓದುಗರು ಮಂಗನ ಕಾಯಿಲೆಯ ಅಂಕಿಅಂಶವನ್ನು ಇದರಲ್ಲಿ ಹಾಕಬಹುದೇ ಎಂದು ಕೇಳುತ್ತಾರೆ. ಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗುಗಳಿಂದ ಬರುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದಿಲ್ಲ, ಅಂದರೆ ಇ ಕಾಲಂನ ಸೂತ್ರದಲ್ಲಿ ಸೋಂಕಿತ ಮನುಷ್ಯರ ಸಂಖ್ಯೆಗೆ ಕೆಲಸವೇ ಇಲ್ಲ. ಸಾಲ್ವರ್ ಹೇಗೋ ಒಂದು ಬೀಟಾ ಕೊಟ್ಟುಬಿಡುತ್ತದೆ, ಬೊಂಬಾಯಿಯ ಪ್ಲೇಗಿಗೆ ಕೊಟ್ಟ ಹಾಗೆ. ಅದರ ಮೇಲೆ ಲಾಕ್‌ಡೌನ್ ಲೆಕ್ಕ ಹಾಕಿದರೆ ಸೊನ್ನೆ ಉಪಯೋಗ. ಅಲ್ಲಿ ಕಲೆಹಾಕಬೇಕಾದ್ದು ಸತ್ತ ಮಂಗಗಳ ಜಾಗ ಮತ್ತು ದಿನ, ತಿಂಗಳವಾರು ಮರಿ ಉಣುಗುಗಳ ಪ್ರಮಾಣ, ಡಿಸೆಂಬರ್‌ನಿಂದ ಮೇವರೆಗೆ ತರಗೆಲೆ, ಸೌದೆಗೆಂದು ಕಾಡಿಗೆ ಹೋಗುವವರ ಸಂಖ್ಯೆ.